ಕರೀಂಸಾಬರ ಮುಂದಿನ ಸೀಟು

ಕಮಲಾಪುರದಿಂದ ಕಲಬುರಗಿಗೆ ಓಡುವ ಕರೀಂಸಾಬರ ಕ್ರೂಸರ್‌ನಲ್ಲಿ ಮುಂದಿನ ಸೀಟು ದುಡ್ಡಿಗೆ ಸಿಗುತ್ತಿರಲಿಲ್ಲ. ಮಗಳು ಸಬಾ ಪಿಯುಸಿ ಮುಗಿಸಿದಾಗಿನಿಂದ ಅದು ಕಾಲೇಜಿನ ಸುದ್ದಿ ಹೇಳುವವರಿಗೆ ಮೀಸಲು. ಎಲ್ಲಿ ಫೀ ಮಾಫಿ, ಎಲ್ಲಿ ಹಾಸ್ಟೆಲ್ ಪುಕ್ಕಟೆ, ಯಾವ ಸ್ಕಾಲರ್‌ಶಿಪ್ ನಿಜವಾಗಿ ಕೈಗೆ ಬರುತ್ತದೆ, ಯಾವುದು ಬರೀ ಬ್ಯಾನರಿನಲ್ಲಿರುತ್ತದೆ, ಎಲ್ಲವನ್ನೂ ಗೇರು ಬದಲಿಸುತ್ತ ಕೇಳಿಕೊಳ್ಳುತ್ತಿದ್ದರು. ಸಣ್ಣವರಿದ್ದಾಗಲೇ ಶಾಲೆ ಬಿಟ್ಟು ಕ್ಲೀನರ್ ಆದ ಮನುಷ್ಯ. ವಿಚಾರಿಸಲು ಅವರಿಗಿದ್ದದ್ದು ಈ ರಸ್ತೆಯೊಂದೇ.

ಆ ಸೀಟಿನಲ್ಲಿ ಹೆಚ್ಚು ಕೂತವನು ನಾನು. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಆನ್‌ಲೈನ್ ಅರ್ಜಿ ತುಂಬುವವನು, ಊರಲ್ಲಿ ಮಾತ್ರ 'ಆಫೀಸಿಗೆ ಹೋಗ್ತೀನಿ' ಎನ್ನುವವನು. ಗೊತ್ತಿದ್ದದ್ದನ್ನು ಅರ್ಧ, ಗೊತ್ತಿಲ್ಲದ್ದನ್ನು ಪೂರ್ತಿ ಹೇಳಿ ಕಾಲು ಚಾಚಿ ಕೂರುತ್ತಿದ್ದೆ. ಆದರೂ ಒಂದು ನೆಟ್ಟಗಿನ ಕೆಲಸ ಮಾಡಿದ್ದೆ: ಕಲಬುರಗಿಯದೇ ಒಂದು ನರ್ಸಿಂಗ್ ಕಾಲೇಜಿನ ಫೀ ಮಾಫಿ ಸೀಟಿಗೆ ಸಬಾಳ ಅರ್ಜಿ ಹಾಕಿದ್ದೆ. ಉತ್ತರ ಬರಬೇಕಿತ್ತು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಆ ಸೀಟಿನಲ್ಲಿ ಬೇರೆ ಯಾರೋ ಕೂತಿದ್ದ. ಇಸ್ತ್ರಿಯ ಬಿಳಿ ಅಂಗಿ, ಕಾಲ ನಡುವೆ ಕರಿ ಬ್ಯಾಗು. ಬಸ್‌ಸ್ಟ್ಯಾಂಡಿನ ಕೆಸರಲ್ಲಿ ನಿಂತು ಹತ್ತಿದವನ ಬೂಟಿಗೆ ಒಂದು ಹನಿ ಕೆಸರಿರಲಿಲ್ಲ.

"ರಾಯರ, ಇವತ್ತ ಹಿಂದ ಕೂಡ್ರಿ. ಅರುಣಕುಮಾರ ಸಾಹೇಬ್ರು ದೊಡ್ಡ ಕಾಲೇಜಿನವರದಾರ" ಎಂದರು ಕರೀಂಸಾಬರು.

ಹಿಂದೆ ಇಬ್ಬರು ಹೆಂಗಸರು ಮತ್ತು ಅವರ ಕೆಂಪು ಬಾಳೆಗೊನೆಗಳ ನಡುವೆ ಸಿಕ್ಕಿಕೊಂಡೆ. ಎಂಜಿನ್ ಸದ್ದಿನಲ್ಲಿ ಮಾತು ತುಂಡು ತುಂಡಾಗಿ ಕೇಳುತ್ತಿತ್ತು. ಹೊರರಾಜ್ಯ. ಊಟ, ಹಾಸ್ಟೆಲ್, ರೈಲಿನ ಟಿಕೆಟ್ ಕೂಡ ಪುಕ್ಕಟೆ. ಕರೀಂಸಾಬರು ಏನು ಕೇಳಿದರೂ ಅವನು "ಆಗ್ತದ" ಎನ್ನುತ್ತಿದ್ದ. ಕೊನೆಗೆ, "ಒರಿಜಿನಲ್ ಮಾರ್ಕ್ಸ್‌ಕಾರ್ಡು, ಟಿಸಿ ಕೊಟ್ಟಬಿಡ್ರಿ. ಸೀಟ ಹಿಡದಿಡ್ತೀನಿ."

ಅವನು ಮಹಾಗಾಂವ ಕ್ರಾಸಿನಲ್ಲಿ ಇಳಿದದ್ದೇ ತಡ, ನಾನು ಹಿಂದಿನಿಂದಲೇ ಕೂಗಿದೆ: "ಒರಿಜಿನಲ್ ಕೊಡಬ್ಯಾಡ್ರಿ ಕರೀಂಸಾಬ್! ಕಾಲೇಜಿನ ಹೆಸರರೆ ಕೇಳೀರೇನು?"

ಅವರು ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕರು. "ಸೀಟ ಹೋತಂತ ಹೊಟ್ಟಿಕಿಚ್ಚೇನು, ರಾಯರ?"

ಬಾಳೆಯ ಹೆಂಗಸರೂ ನಕ್ಕರು. ನಾನೂ ನಕ್ಕೆ. ಹೊಟ್ಟೆಕಿಚ್ಚು ಇದ್ದದ್ದು ನಿಜ. ಅದರೊಳಗೆ ಹೆದರಿಕೆ ಎಷ್ಟಿತ್ತೆಂದು ನನಗೇ ಬಿಡಿಸಿ ಹೇಳಲಾಗಲಿಲ್ಲ.

ಅಂದು ಸಂಜೆಯೇ ಕಾಗದಗಳು ಕರಿ ಬ್ಯಾಗು ಸೇರಿದವು.

ಮುಂದಿನ ವಾರ ಕಲಬುರಗಿಯ ಕಾಲೇಜಿನಿಂದ ಉತ್ತರ ಬಂತು. ಸಬಾಗೆ ಸೀಟು ಸಿಕ್ಕಿದೆ, ಶನಿವಾರದೊಳಗೆ ಒರಿಜಿನಲ್ ತೋರಿಸಬೇಕು. ಕರೀಂಸಾಬರು ಅರುಣಕುಮಾರನಿಗೆ ಫೋನು ಹಚ್ಚಿದರು. ಸ್ವಿಚ್ ಆಫ್. ಹಚ್ಚುತ್ತಲೇ ಇದ್ದರು. ಶುಕ್ರವಾರ ಅವನೇ ಮಾಡಿದ.

"ಕಾಗದ ಭದ್ರ ಅದಾವ. ಹುಡುಗಿನ್ನ ನಾಳಿ ರೈಲ್ವೆ ಸ್ಟೇಷನ್ನಿಗೆ ಕಳಸ್ರಿ. ಒಬ್ಬಾಕಿನ್ನೇ. ಬ್ಯಾರೆ ಹುಡುಗ್ಯಾರೂ ಬರಾಕತ್ತಾರ. ಕಾಲೇಜ ಮುಟ್ಟಿದ ಮ್ಯಾಲ ಕೈಯಾಗ ಕೊಡ್ತೀವಿ."

ಶನಿವಾರ ಕರೀಂಸಾಬರು ಬೇರೆ ಯಾರನ್ನೂ ಹತ್ತಿಸಿಕೊಳ್ಳಲಿಲ್ಲ. ಮುಂದಿನ ಸೀಟಿನಲ್ಲಿ ಸಬಾ, ಹಿಂದೆ ನಾನು. "ನಾನೂ ಸ್ಟೇಷನ್ನಿಗೆ ಹೋಗಿ ಕಾಗದ ಕಸಗೊಂಡ ಬರ್ತೀನಿ" ಎಂದು ಅವರು ಸ್ಟೀರಿಂಗಿಗೆ ಹೇಳಿಕೊಳ್ಳುತ್ತಿದ್ದರು. ಗಾಡಿ ಎಂದಿಗಿಂತ ನಿಧಾನವಾಗಿ ಓಡುತ್ತಿತ್ತು.

ಕಲಬುರಗಿ ಹತ್ತಿರವಾದಾಗ ಸಬಾ ಹಿಂದೆ ತಿರುಗಿದಳು. "ಭಯ್ಯಾ, ಡೂಪ್ಲಿಕೇಟ್ ಮಾರ್ಕ್ಸ್‌ಕಾರ್ಡ್ ಸಿಗ್ತಾವೇನು?"

"ಸಿಗ್ತಾವ. ಮೊದಲ ಪೊಲೀಸ್ ಕಂಪ್ಲೇಂಟ್ ಬೇಕು."

"ಅಲ್ಲಿತನ ಕಾಲೇಜಿನ ಸೀಟ ಇರ್ತದ?"

ಆ ಗಾಡಿಯಲ್ಲಿ ಮೊದಲ ಸಲ ನಾನು "ಗೊತ್ತಿಲ್ಲ" ಎಂದೆ.

ಅವಳು ರಸ್ತೆಯತ್ತ ತಿರುಗಿದಳು. "ಅಬ್ಬಾ, ಸ್ಟೇಷನ್ ನಕ್ಕೋ. ಪೊಲೀಸ್ ಠಾಣೇಕು ಚಲೋ."

"ವರ್ಷ ಹೋಗ್ತದಲ್ಲ, ಬೇಟಿ..."

"ಜಾನೇ ದೋ, ಅಬ್ಬಾ."

ಸ್ಟೇಷನ್ ರಸ್ತೆಯ ಸರ್ಕಲ್ಲಿನಲ್ಲಿ ಕರೀಂಸಾಬರು ಇಂಡಿಕೇಟರ್ ಕೂಡ ಹಾಕದೆ ಗಾಡಿ ಠಾಣೆಯ ಕಡೆ ತಿರುಗಿಸಿದರು. ಆಗ ಡ್ಯಾಶ್‌ಬೋರ್ಡಿನ ಮೇಲಿದ್ದ ಫೋನು ಬಡಿದುಕೊಳ್ಳತೊಡಗಿತು. ಯಾರೂ ಎತ್ತಲಿಲ್ಲ. ನಿಂತಿತು. ಹಿಂದೆಯೇ ಅರುಣಕುಮಾರನ ಮೆಸೇಜು ಬಂತು. ಸಬಾ ಗಟ್ಟಿಯಾಗಿ ಓದಿದಳು.

"ಗಾಡಿ ಆ ಕಡಿ ಯಾಕ ತಿರುಗಿಸಿದ್ರಿ?"

ನಾನು ಕಿಟಕಿಯಿಂದ ಹೊರಗೆ ನೋಡಿದೆ. ಸರ್ಕಲ್ಲಿನ ತುಂಬ ಆಟೋಗಳು, ಬೈಕುಗಳು, ಬಿಳಿ ಅಂಗಿಗಳು. ಕರೀಂಸಾಬರು ಎಡಗೈ ಚಾಚಿ ಮಗಳ ಪಕ್ಕದ ಬಾಗಿಲಿನ ಲಾಕ್ ಒತ್ತಿದರು.