ಐದು ಖಾನೆಯ ಪೆಟ್ಟಿಗೆ ಮತ್ತು ಶಾಂತಾಬಾಯಿ ಅಕ್ಕೋರು

ಸೀರೆಯ ಮೇಲೆ ಖಾಕಿ ಅಂಗಿ ತೊಟ್ಟು, ತೋಳು ಮೊಣಕೈವರೆಗೆ ಮಡಚಿಕೊಂಡು ಕೂಕಟ್‌ಪಲ್ಲಿಯ ನಮ್ಮ ಓಣಿಯಲ್ಲಿ ಓಡಾಡುತ್ತಿದ್ದವರು ಶಾಂತಾಬಾಯಿ ಅಕ್ಕೋರು ಒಬ್ಬರೇ. ಮದುವೆ ಮನೆಗೆ ಹೋಗುವಾಗ ಮಾತ್ರ ಆ ಅಂಗಿ ತೆಗೆಯುತ್ತಿದ್ದರು. ಒಮ್ಮೆ ಅಂಥದೊಂದು ಮದುವೆಯಲ್ಲಿ ಊಟದ ಮೇಜಿನ ಕಾಲು ಅಲುಗಾಡಿತು. ಅಕ್ಕೋರು ಕೈಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ಪಂಕ್ತಿಯ ನಡುವೆಯೇ ಬಗ್ಗಿ ಕೂತು ತಿರುಪು ಬಿಗಿ ಮಾಡಿ, ಕೈ ತೊಳೆದು ಬಂದು ಉಳಿದ ಊಟ ಮುಗಿಸಿದರು.

ಅವರು ಬೀದರ್ ಕಡೆಯವರು. ಹೈದರಾಬಾದಿನ ಕೈಗಾರಿಕಾ ತರಬೇತಿ ಶಾಲೆಯೊಂದರಲ್ಲಿ ಮೂವತ್ತು ವರ್ಷ ಫಿಟ್ಟರ್ ಕೆಲಸ ಕಲಿಸಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ತಮ್ಮ ರಾಜಶೇಖರ ಮತ್ತು ಅವರ ಹೆಂಡತಿಯೊಂದಿಗೆ ನಮ್ಮ ಪಕ್ಕದ ಮನೆಯಲ್ಲಿದ್ದರು. ಹಳೆಯ ವಿದ್ಯಾರ್ಥಿಗಳು ಸಿಕ್ಕರೆ ತೆಲುಗು, ಆಟೋದವರ ಜೊತೆ ಜಗಳಕ್ಕೆ ಹಿಂದಿ, ನನ್ನ ಜೊತೆ ಊರ ಕನ್ನಡ. ನಾನು ಕಲಬುರಗಿಯವಳೆಂದು ತಿಳಿದ ದಿನವೇ ನನ್ನನ್ನು ‘ತಂಗಿ’ ಎಂದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಕರೆಯುವಂತೆ ನಾನು ‘ಅಕ್ಕೋರ’ ಎಂದೆ.

ನನ್ನ ಗಂಡನಿಗೆ ಬಲ್ಬ್ ಬದಲಿಸುವುದೂ ಬೇಸರದ ಕೆಲಸ. ನನಗೆ ಅಂಥದ್ದೇ ಖುಷಿ. ಮನೆಯ ಕೆಳಗಿನ ಗ್ಯಾರೇಜಿನಲ್ಲಿ ಭಾನುವಾರವಿಡೀ ನನ್ನ ಹಳೆಯ ಸ್ಕೂಟರ್ ಬಿಚ್ಚುತ್ತ, ಜೋಡಿಸುತ್ತ ಕೂತಿರುತ್ತಿದ್ದೆ. ನಟ್ಟು ತಿರುಗಿಸುವ ಪಾನಾ, ಇಕ್ಕಳ, ಸಾಮಾನೆಲ್ಲ ಒಂದು ಎಣ್ಣೆ ಡಬ್ಬಿ, ಒಂದು ಒಡೆದ ಬಕೆಟ್ಟು, ಬಿಸ್ಕತ್ತಿನ ಎರಡು ಡಬ್ಬಿಗಳಲ್ಲಿ ಹಂಚಿಹೋಗಿತ್ತು. ಅರ್ಧ ದಿನ ಹುಡುಕುವುದಕ್ಕೇ ಸರಿಹೋಗುತ್ತಿತ್ತು. ಒಂದು ಭಾನುವಾರ ಅಕ್ಕೋರು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದರು.

“ಏನ್ ಹುಡುಕಾಕತ್ತಿ?”

“ಹತ್ತು ನಂಬರ್ ಪಾನಾ ರೀ ಅಕ್ಕೋರ. ಒಂದು ಒಳ್ಳೇ ಟೂಲ್ ಬಾಕ್ಸ್ ತಗೋಬೇಕಂತ ಮಾಡೀನಿ.”

“ಬಾಕ್ಸ್ ಆಮ್ಯಾಲೆ. ಮೊದಲ ನಿನ್ನ ಹತ್ರ ಏನೇನೈತಿ ನೋಡೂಣು. ಒಂದು ಹಳೇ ಚಾದರಾ ಹಾಸು.”

ಇದ್ದದ್ದನ್ನೆಲ್ಲ ಚಾದರದ ಮೇಲೆ ಸುರಿದೆ. ದಿನವೂ ಬೇಕಾಗುವುದು ಒಂದು ಕಡೆ, ಯಾವಾಗಲೋ ಬೇಕಾಗುವುದು ಇನ್ನೊಂದು ಕಡೆ. ಮೂರನೆಯ ಗುಂಪು ಎಲ್ಲಕ್ಕಿಂತ ದೊಡ್ಡದಾಯಿತು. ತುಕ್ಕು ಹಿಡಿದದ್ದು, ಬಾಯಿ ಸವೆದದ್ದು, ಒಂದೇ ಅಳತೆಯ ಮೂರು ಮೂರು ಇಕ್ಕಳ. “ಇದಕ್ಕ ಬಾಕ್ಸ್ ಬ್ಯಾಡ, ಗುಜರಿಯವ ಬೇಕು,” ಎಂದರು ಅಕ್ಕೋರು. ಉಳಿದದ್ದರಲ್ಲಿ ಎಲ್ಲಕ್ಕಿಂತ ಉದ್ದನೆಯದು ನಲ್ಲಿ ಪೈಪು ತಿರುಗಿಸುವ ಪಾನಾ. ಅದರ ಉದ್ದಕ್ಕೆ ಒಂದು ದಾರ ಕತ್ತರಿಸಿ ನನ್ನ ಕೈಗೆ ಕೊಟ್ಟರು.

ಮುಂದಿನ ವಾರ ಆ ದಾರ ಹಿಡಿದುಕೊಂಡು ಸಿಕಂದರಾಬಾದಿಗೆ ಹೋದೆವು. ಅಂಗಡಿಯವನು ಮೊದಲು ತೋರಿಸಿದ್ದು ಚಕ್ರಗಳ ಮೇಲೆ ನಿಂತ ಕೆಂಪು ಪೆಟ್ಟಿಗೆ. ಅದಕ್ಕೆ ಏಳು ಡ್ರಾಯರು. ನನಗೆ ಕಣ್ಣು ಕೀಳಲಾಗಲಿಲ್ಲ. “ನಿನ್ನ ಗ್ಯಾರೇಜಿನ ನೆಲ ಇಳಿಜಾರು ಐತಿ. ಇದು ಉರುಳಿ ಬೀದಿಗೆ ಹೊಕ್ಕೈತಿ,” ಎಂದರು ಅಕ್ಕೋರು. ಅವನು ಪ್ಲಾಸ್ಟಿಕ್ಕಿನದೊಂದನ್ನು ತಂದ. ಅದರ ಮುಚ್ಚಳದ ಕೀಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಹಿಂದಕ್ಕೆ ಸರಿಸಿದರು. ಕೊನೆಗೆ ಬಂದದ್ದು ಕಬ್ಬಿಣದ ತಗಡಿನ ನೀಲಿ ಪೆಟ್ಟಿಗೆ. ಹಿಡಿ ಎತ್ತಿದರೆ ಎರಡೂ ಬದಿಗೆ ರೆಕ್ಕೆಯಂತೆ ಬಿಚ್ಚಿಕೊಳ್ಳುವ ಐದು ಖಾನೆ. ದಾರ ಇಟ್ಟು ನೋಡಿದೆ, ತಳದ ಖಾನೆಯಲ್ಲಿ ಸರಿಯಾಗಿ ಕೂತಿತು. ಅಕ್ಕೋರು ತಗಡಿನ ಅಂಚುಗಳ ಮೇಲೆ ಬೆರಳಾಡಿಸಿದರು. ಅಂಚು ಒಳಕ್ಕೆ ಮಡಚಿದ್ದರೆ ಕೈ ಕೊಯ್ಯುವುದಿಲ್ಲ, ಬರೀ ಕತ್ತರಿಸಿ ಬಿಟ್ಟಿದ್ದರೆ ಕೊಯ್ಯುತ್ತದೆ ಎಂದು ನನಗೂ ಮುಟ್ಟಿಸಿದರು. ಆಮೇಲೆ ಅಂಗಡಿಯವನ ನಟ್ಟು ಬೋಲ್ಟಿನ ಪೊಟ್ಟಣಗಳನ್ನೆಲ್ಲ ಅದರೊಳಗೆ ತುಂಬಿಸಿದರು.

“ಎತ್ತಿಕೊಂಡು ಮೆಟ್ಟಲಾ ಇಳದು ಹತ್ತು.”

“ಅಮ್ಮಾ, ಯೇ ಕ್ಯಾ ಕರ್ ರಹೇ ಆಪ್?” ಇದೇನು ಮಾಡುತ್ತಿದ್ದೀರಿ ಎಂದು ಅಂಗಡಿಯವನು ನಕ್ಕ.

“ಖಾಲಿ ಡಬ್ಬಾ ತೋ ಸಬ್ ಅಚ್ಛಾ ಹೋತಾ,” ಖಾಲಿಯಿದ್ದಾಗ ಎಲ್ಲ ಡಬ್ಬಿಯೂ ಚೆನ್ನಾಗಿಯೇ ಇರುತ್ತದೆ ಎಂದು ಅಕ್ಕೋರು ಅವನಿಗೆ ಉತ್ತರ ಕೊಟ್ಟರು.

ನಾನು ಮೂರು ಸಲ ಇಳಿದು ಹತ್ತಿದೆ. ಹಿಡಿ ಅಂಗೈಗೆ ಒತ್ತಲಿಲ್ಲ, ಕೀಲು ಕಿರುಗುಡಲಿಲ್ಲ. ಇನ್ನೇನು ಮುಗಿಯಿತು ಎನ್ನುವಾಗ ಅಕ್ಕೋರು ಪೆಟ್ಟಿಗೆಯ ಮುಂದೆ ಕೂತು, ಕಣ್ಣು ಮುಚ್ಚಿ, ಒಂದೊಂದೇ ಖಾನೆಗೆ ಕೈಯಿಟ್ಟು ಮೂಲೆ ಮೂಲೆ ಮುಟ್ಟಿ ನೋಡಿದರು. ಇದೂ ಅವರ ಕಲಿಸುವ ಪದ್ಧತಿ ಎಂದುಕೊಂಡೆ. ಪೆಟ್ಟಿಗೆ ಕೊಂಡು ಬರುವಾಗ ರಸ್ತೆ ದಾಟಲು ನನ್ನ ಮೊಣಕೈ ಹಿಡಿದುಕೊಂಡರು. ಅದಕ್ಕೂ ನಾನು ಏನೂ ಅರ್ಥ ಹಚ್ಚಲಿಲ್ಲ.

ಅದಾಗಿ ನಾಲ್ಕು ತಿಂಗಳಿಗೆ, ಕೊಯ್ಯುವ ಕೆಲಸವೊಂದಕ್ಕೆ ಅವರ ಗರಗಸದ ಬ್ಲೇಡ್ ಬೇಕಾಯಿತು. ಅವರಿಗೂ ಅಂಥದ್ದೇ ಐದು ಖಾನೆಯ ಹಳೆಯ ಪೆಟ್ಟಿಗೆಯಿತ್ತು. ಕೇಳಿ ತಂದೆ. ವಾಪಸ್ಸು ಇಡುವಾಗ ಅಕ್ಕೋರು ಮನೆಯಲ್ಲಿರಲಿಲ್ಲ. ಗಡಿಬಿಡಿಯಲ್ಲಿ ಬ್ಲೇಡನ್ನು ಮೇಲಿನ ಖಾನೆಯಲ್ಲಿ ಹಾಕಿ ಬಂದೆ. ಮರುದಿನ ಅವರು ಇಕ್ಕಳ ತೆಗೆಯಲು ಕೈಯಿಟ್ಟು ಎರಡು ಬೆರಳು ಕೊಯ್ದುಕೊಂಡರು. ಹೊಲಿಗೆ ಹಾಕಬೇಕಾಯಿತು.

ಬ್ಲೇಡ್ ಇಕ್ಕಳದ ಪಕ್ಕದಲ್ಲೇ ಬಿದ್ದಿತ್ತು. ಕಣ್ಣಿಗೆ ಕಾಣದಂತೇನೂ ಇರಲಿಲ್ಲ. ನಾನು ತಪ್ಪಾಯಿತೆಂದು ಅಳುತ್ತ ಕೂತಾಗ ಅಕ್ಕೋರೇ ಹೇಳಿದರು.

“ನಿಂದೇನ್ ತಪ್ಪಿಲ್ಲ ತಂಗಿ. ನನಗ ನೇರ ಇದ್ದದ್ದಷ್ಟ ಕಾಣ್ತೈತಿ. ಬಾಜೂಕ ಇದ್ದದ್ದು ಎಲ್ಲಾ ಮಬ್ಬ. ಎರಡು ವರ್ಷಾತು.”

“ಡಾಕ್ಟರಿಗೆ ತೋರ್ಸೀರಿ?”

“ಇಲ್ಲ. ತೋರಿಸಿದ್ರ ತಮ್ಮಗ ಗೊತ್ತಾಕ್ಕೈತಿ. ಅಂವ ಒಳ್ಳೇಂವ. ಒಳ್ಳೇಂವ ಅದಾನಂತನ ನನಗ ಅಂಜಿಕಿ. ಪೆಟ್ಟಿಗಿ ಕಸಗೊಂಡು ಕುರ್ಚಿ ಕೊಟ್ಟು ಕೂಡಸ್ತಾನ. ನೀ ಹೇಳಬ್ಯಾಡ.”

ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಮೂರು ವಾರ ಆ ಮಾತು ಉಳಿಸಿಕೊಂಡೆ. ಒಂದು ಸಂಜೆ ನಮ್ಮ ಓಣಿಯ ತಿರುವಿನಲ್ಲಿ, ಬದಿಯಿಂದ ಬಂದ ಬೈಕು ಕಾಣದೆ ಅಕ್ಕೋರು ಹೆಜ್ಜೆ ಮುಂದಿಟ್ಟರು. ಬೈಕಿನ ಹ್ಯಾಂಡಲ್ ಅಂಗಿಗೆ ತಗುಲಿ, ಅವರು ಅರ್ಧ ಸುತ್ತು ತಿರುಗಿ ಗೋಡೆಗೆ ಆತುಕೊಂಡು ನಿಂತರು. ಮರುದಿನ ಬೆಳಿಗ್ಗೆ ನಾನು ರಾಜಶೇಖರಣ್ಣನಿಗೆ ಎಲ್ಲ ಹೇಳಿಬಿಟ್ಟೆ.

ಅವರು ಅಂದೇ ಅಕ್ಕನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದರು. ಹೋದ ನೋಟ ಬರುವುದಿಲ್ಲ, ದಿನಾ ಹನಿ ಹಾಕಿಕೊಂಡರೆ ಇರುವುದು ಇನ್ನಷ್ಟು ದಿನ ಉಳಿದೀತು, ಮೊದಲೇ ಬರಬೇಕಿತ್ತು ಎಂದರಂತೆ ಡಾಕ್ಟರು. ರಾಜಶೇಖರಣ್ಣ ಮನೆಗೆ ಬಂದವರೇ ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸಿದರು. ಅಕ್ಕೋರು ನನ್ನ ಜೊತೆ ಮಾತು ಬಿಟ್ಟರು. ಗೇಟಿನ ಬಳಿ ನನ್ನ ದನಿ ಕೇಳಿದರೆ ಎದ್ದು ಒಳಗೆ ಹೋಗುತ್ತಿದ್ದರು. ಖಾಕಿ ಅಂಗಿಯೂ ಕಾಣೆಯಾಯಿತು. ಬರೀ ಸೀರೆಯಲ್ಲಿ ಅವರು ಯಾರೋ ಬೇರೆ ಮುದುಕಿಯ ಹಾಗೆ ಕಾಣುತ್ತಿದ್ದರು. ನನಗೆ ಆ ದಿನಗಳಲ್ಲಿ ಗ್ಯಾರೇಜಿಗೆ ಇಳಿಯುವ ಮನಸ್ಸೇ ಇರುತ್ತಿರಲಿಲ್ಲ.

ಎರಡು ತಿಂಗಳ ಮೇಲೆ ಒಂದು ಭಾನುವಾರ ಸ್ಕೂಟರಿನ ಮುಂದಿನ ಗಾಲಿ ಬಿಚ್ಚುತ್ತ ಕೂತಿದ್ದೆ. ಹಿಂದಿನಿಂದ ದನಿ ಬಂತು. “ಬೇರಿಂಗ್ ಹೋಗೇತಿ. ಸಪ್ಳ ನಮ್ಮ ಮನಿಗೆ ಕೇಳಸ್ತೈತಿ. ಹದಿನೇಳರ ಪಾನಾ ಕೊಡು.”

ನಾನು ಪೆಟ್ಟಿಗೆಯಲ್ಲಿ ತಡಕಾಡಿದೆ. ಅಕ್ಕೋರು ನಿಟ್ಟುಸಿರಿಟ್ಟು ಸ್ಟೂಲಿನ ಮೇಲೆ ಕೂತರು. ಎಲ್ಲವನ್ನೂ ಹೊರಗೆ ತೆಗೆಸಿ, ತಮ್ಮ ಕೈಗೆ ಸಿಗುವ ಹಾಗೆ ಒಂದೊಂದನ್ನೇ ಜೋಡಿಸಿದರು. ಪಾನಾಗಳು ಸಣ್ಣದರಿಂದ ದೊಡ್ಡದಕ್ಕೆ ಎಡಗಡೆ, ಚೂಪಿನವು ತಳದಲ್ಲಿ, ಬ್ಲೇಡಿಗೆ ಬಟ್ಟೆಯ ಚೀಲ. ಆಮೇಲೆ ಪ್ರತಿ ಭಾನುವಾರ ಬಂದರು. ಅಳತೆಯ ಅಂಕಿ ಓದುವುದು ನನ್ನ ಪಾಲಿಗೆ, ಉಳಿದದ್ದು ಅವರ ಪಾಲಿಗೆ. ನಾನು ಮಾತು ಮುರಿದದ್ದನ್ನು ಅವರು ಎತ್ತಲಿಲ್ಲ. ನನಗೂ ಎತ್ತುವ ಧೈರ್ಯವಾಗಲಿಲ್ಲ.

ರಾಜಶೇಖರಣ್ಣ ನಿವೃತ್ತರಾಗಿ ಎಲ್ಲರೂ ಬೀದರಿಗೆ ಹೋದರು. ಮರುವರ್ಷ ನೋಡಿಬರಲು ಹೋದೆ. ಅಂಗಳದಲ್ಲಿ ಖಾಕಿ ಅಂಗಿ ತೊಟ್ಟು ಅಕ್ಕೋರು ಯಾರದೋ ಕುಕ್ಕರಿನ ಹಿಡಿ ಕೂಡಿಸುತ್ತಿದ್ದರು. ಪಕ್ಕದಲ್ಲಿ ಅವರ ಹಳೆಯ ಪೆಟ್ಟಿಗೆ. ರಾಜಶೇಖರಣ್ಣನೇ ಅಟ್ಟದಿಂದ ಇಳಿಸಿಕೊಟ್ಟಿದ್ದರಂತೆ. ಅಕ್ಕೋರ ನೋಟ ಪೂರ್ತಿ ಹೋಗಿತ್ತು. ದನಿಯಿಂದಲೇ ನನ್ನ ಗುರುತು ಹಿಡಿದು, ಚಹಾ ತರಿಸಿ, ಕೈಯ ಕೆಲಸ ನಿಲ್ಲಿಸದೆ ಹೇಳಿದರು.

“ನೀ ತಮ್ಮಗ ಹೇಳಿದ್ದು ಬರೋಬರಿ ಇತ್ತು. ಆದ್ರ, ‘ನಾ ಹೇಳಾಂವ ಅದೀನಿ’ ಅಂತ ಮೊದಲ ನನಗ ಹೇಳಬೇಕಿತ್ತು.”

“ಹೌದ್ರಿ ಅಕ್ಕೋರ,” ಎಂದೆ.

“ಹೇಳಾಂವ ಅಲ್ಲ, ಹೇಳಾಕಿ,” ಎಂದು ತಾವೇ ತಿದ್ದಿಕೊಂಡು ನಕ್ಕರು. “ಮೂವತ್ತು ವರ್ಷ ಬರೇ ಗಂಡುಹುಡುಗರಿಗೆ ಬೈದು ಬೈದು ರೂಢಿ ಆಗೇತಿ.”

ಅವರನ್ನು ನಾನು ನೋಡಿದ್ದು ಅದೇ ಕೊನೆ. ಆರು ತಿಂಗಳ ನಂತರ ರಾಜಶೇಖರಣ್ಣ ಫೋನ್ ಮಾಡಿದರು. ಬೆಳಿಗ್ಗೆ ಎದೆ ನೋವೆಂದು ಮಲಗಿದವರು ಏಳಲಿಲ್ಲವೆಂದರು. ಆಮೇಲೆ ಅವರು ಕೇಳಿದರು:

“ಓಣಿ ಮಂದಿದು ಒಂದು ಇಸ್ತ್ರಿ ಪೆಟ್ಟಿಗಿ, ಎರಡು ಸ್ಟೋವ್ ರಿಪೇರಿಗೆ ಬಂದಾವ್ರಿ. ಅರ್ಧಾ ಬಿಚ್ಚಿಟ್ಟಾಳ ಅಕ್ಕ. ಹಾಂಗ ಹೊಳ್ಳಿ ಕೊಟ್ಟುಬಿಡ್ಲಿ?”

“ಬ್ಯಾಡ್ರಿ ಅಣ್ಣಾರ,” ಎಂದೆ. “ಇರ್ಲಿ ಬಿಡ್ರಿ. ನಾ ಬಂದು ಮುಗಸ್ತೀನಿ.”