ಸಲ್ಮಾಳ ಹೊಗೆಸೊಪ್ಪಿನ ಗಂಟು

ಗೋಣಿಬೀಡಿನ ಅಂಗಡಿಯಲ್ಲಿ ಇಂದು ಹೊಗೆಸೊಪ್ಪಿನ ವಾಸನೆ ಮೂಗಿಗೆ ಬಡಿದು, ಶಾಲೆಯ ಗೆಳತಿ ಸಲ್ಮಾ ನೆನಪಾದಳು.

ನನಗೆ ದೂರದ ಓಟದ ಹುಚ್ಚು ಹಿಡಿಸಿದವಳೇ ಅವಳು. ಬಸ್ಸು ಬಿಟ್ಟು ದಿನವೂ ಎಸ್ಟೇಟಿನ ದಾರಿಯಲ್ಲಿ ಶಾಲೆಗೆ ಓಡುತ್ತಿದ್ದೆವು. ರಕ್ತ ಹೀರುವ ಕಾಡುಜಿಗಣೆ, ಉಂಬಳ, ಕಚ್ಚಿದರೆ ಉಜ್ಜಿಕೊಳ್ಳಲೆಂದು ಅವಳ ಅಜ್ಜಿ ಬಟ್ಟೆಯಲ್ಲಿ ಹೊಗೆಸೊಪ್ಪು, ಸುಣ್ಣ ಕಟ್ಟಿಕೊಡುತ್ತಿದ್ದರು.

ದೇವರಮನೆ ಬೆಟ್ಟದ ಓಟದ ಸ್ಪರ್ಧೆಯಲ್ಲಿ ಗೆದ್ದ ಒಬ್ಬರಿಗಷ್ಟೇ ಜಿಲ್ಲಾ ಪಂದ್ಯಕ್ಕೆ ಅವಕಾಶವಿತ್ತು. ಅರ್ಧ ದಾರಿಯಲ್ಲಿ ಕಾಲಿಗೆ ಹತ್ತಿದ ಉಂಬಳ ಕಂಡು ನಾನು ಕಿರುಚಿ, ಅಳುತ್ತಾ ಕುಳಿತೆ. ಮುಂದಿದ್ದ ಸಲ್ಮಾ ವಾಪಸ್ ಬಂದು ಗಂಟು ಉಜ್ಜಿದಳು.

"ಇಷ್ಟಕ್ಕೆಲ್ಲ ಅಳ್ತಾರೇನೇ ಮಾರಾಯ್ತಿ? ಏಳು, ಒಟ್ಟಿಗೇ ಓಡಣ."

ಅವಳು ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವಷ್ಟರಲ್ಲಿ ನಾನು ಓಡಿಬಿಟ್ಟಿದ್ದೆ. ಗೆದ್ದೆ. ಮರುದಿನದಿಂದ ಅವಳು ಬಸ್ಸು ಹತ್ತತೊಡಗಿದಳು.

ಈಗ ಸಮಾನತೆಯ ಕರಪತ್ರಗಳನ್ನು ಊರೂರಿಗೆ ಹಂಚುವ ನಾನು, ಇಂದು ಬೆಳಿಗ್ಗೆಯೂ ಬಾಗಿಲು ತಟ್ಟದೆ ಅವಳ ಮನೆಯನ್ನು ಓಡಿಯೇ ದಾಟಿದೆ.