ಹದಿನೈದನೆಯ ದಾನಿ

ಹಿರಿಯೂರಿನಾಚೆಯ ಹಳ್ಳಿಯೊಂದರ ಚರ್ಚಿನ ಮುಂದೆ, ಯುದ್ಧದಲ್ಲಿ ಮಡಿದವರ ನೆನಪಿಗೆಂದು ಚರ್ಚ್ ಕಮಿಟಿಯವರು ಕಲ್ಲು ನಿಲ್ಲಿಸಿದರು. ಹದಿನಾಲ್ಕು ಮಂದಿ ದಾನಿಗಳ ಹೆಸರುಗಳು ದಪ್ಪಕ್ಷರದಲ್ಲಿ ರಾರಾಜಿಸಿದವು. ಮಡಿದವರ ಪಾಲಿಗೆ ಬಂದದ್ದು ‘ಊರಿನ ಯೋಧರಿಗೆ’ ಎಂಬ ಎರಡೇ ಪದ. ಕಾರ್ಗಿಲ್‌ನಲ್ಲಿ ತನ್ನ ಪಕ್ಕದಲ್ಲೇ ಮಡಿದ, ಊರ ಕುರಿಗಾಹಿಯ ಮಗ ಪಾಲಣ್ಣನ ಹೆಸರನ್ನೂ ಕೆತ್ತಿಸಿ ಎಂದು ನಿವೃತ್ತ ಹವಾಲ್ದಾರ್ ಅರುಳಪ್ಪ ಬೇಡಿದ.

“ಜಾಗ ಎಲ್ಲೈತೆ ಹವಾಲ್ದಾರ್ರೇ? ದಾನಿಗಳಿಗೇ ಸಾಲ್ತಿಲ್ಲ,” ಎಂದರು ಕಮಿಟಿ ಅಧ್ಯಕ್ಷರು.

ಮರುವಾರ ಅರುಳಪ್ಪ ಉದ್ಘಾಟನೆಯ ಊಟಕ್ಕೆ ಎರಡು ಕೊಬ್ಬಿದ ಟಗರು ಹೊಡೆದುಕೊಂಡು ಬಂದ. “ಕೊಟ್ಟೋನು ಪಾಲಣ್ಣ ಅಂತ ಬರ್ಕಳ್ರಿ.”

“ಸತ್ತೋನು ಟಗರು ಕೊಡ್ತಾನೇನ್ರಿ?”

“ಪ್ರಾಣಾನೇ ಕೊಟ್ಟೋನಿಗೆ ಟಗರೇನ್ ದೊಡ್ಡದು?”

ಅಧ್ಯಕ್ಷರು ಟಗರುಗಳ ಬೆನ್ನು ಸವರಿ ನೋಡಿದರು. ಸಂಜೆಯೊಳಗೆ ಕಲ್ಲಿನಲ್ಲಿ ಜಾಗ ಹುಟ್ಟಿತು. ಪಾಲಣ್ಣ ಈಗ ಎಲ್ಲರಿಗಿಂತ ಮೇಲಿದ್ದಾನೆ: ‘ದಾನಿ, ಎರಡು ಟಗರು.’